ಬಿಚ್ಚದೆ ಇಟ್ಟ ವಾಷಿಂಗ್ ಮೆಷಿನ್

ವಾಷಿಂಗ್ ಮೆಷಿನ್ ಮನೆಗೆ ಬಂದದ್ದು ಶನಿವಾರ ಮಧ್ಯಾಹ್ನ. ಅದನ್ನು ಬಿಚ್ಚಬೇಡ ಎಂದು ಶ್ರೀನಿವಾಸ ಹೇಳಿದ್ದು ಅದೇ ಸಂಜೆ.

ನಡುವೆ ಸಿಕ್ಕ ಆ ಹೊತ್ತನ್ನು ಲಲಿತಾ ಹಬ್ಬದ ಹಾಗೆ ಕಳೆದಿದ್ದಳು. ಮಿನಿ ಟೆಂಪೊದಿಂದ ಪೆಟ್ಟಿಗೆ ಇಳಿಸುವಾಗ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಚಿತ್ತವಾಡ್ಗಿಯ ಆ ಓಣಿಯಲ್ಲಿ ಟಿವಿ, ಫ್ರಿಜ್ಜು ಎಲ್ಲರ ಮನೆಗೂ ಬಂದಿದ್ದವು. ಬಟ್ಟೆ ಒಗೆಯುವ ಯಂತ್ರ ಮಾತ್ರ ಇದೇ ಮೊದಲು. ಹೊಸಪೇಟೆಯ ಈ ಭಾಗದಲ್ಲಿ ಕಾಲುವೆ ಓಣಿಯ ತುದಿಯಲ್ಲೇ ಹರಿಯುವಾಗ ಮೆಷಿನ್ ಯಾಕೆ ಎನ್ನುವವರೇ ಹೆಚ್ಚು. ಲಲಿತಾಳೂ ಎಷ್ಟೋ ವರ್ಷ ಹಾಗೆಯೇ ಅಂದುಕೊಂಡಿದ್ದವಳು. ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಮೇಲೂ ಕೈ ಮೊದಲಿನಂತೆ ಆಗಲಿಲ್ಲ. ಹಿಂಡುವ ಕೆಲಸ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಗಂಡ ಶ್ರೀನಿವಾಸನ ಬಟ್ಟೆ ಹಿಂಡದೆ ಇರುವುದಾದರೂ ಹೇಗೆ? ಅವನು ಸಂಡೂರಿನ ಆಚೆಯ ಮೈನ್ಸ್‌ನಲ್ಲಿ ಅದಿರು ಅಗೆಯುವ ಪೊಕ್ಲೈನ್ ನಡೆಸುತ್ತಿದ್ದ. ನಸುಕಿಗೆ ಕಂಪನಿ ಬಸ್ಸು ಹತ್ತಿ ಹೋದವನು ಸಂಜೆ ಇಳಿಯುವಾಗ ಅಡಿಯಿಂದ ಮುಡಿಯವರೆಗೆ ಕೆಂಪಗಿರುತ್ತಿದ್ದ. ಆ ಧೂಳು ನೂಲಿನ ಒಳಗೆ ಇಳಿದು ಕೂರುತ್ತಿತ್ತು. ಕಲ್ಲಿನ ಮೇಲೆ ಎಷ್ಟು ಬಡಿದರೂ ನೀರು ಕೆಂಪಾಗಿಯೇ ಬರುತ್ತಿತ್ತು.

ಅದಕ್ಕೇ ಮೆಷಿನ್. ಅರ್ಧ ದುಡ್ಡು ಶ್ರೀನಿವಾಸನದು. ಇನ್ನರ್ಧ ಲಲಿತಾ ಓಣಿಯ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿ ಕೂಡಿಸಿದ್ದು.

ಸಂಜೆ ಬಸ್ಸಿಳಿದು ಬಂದ ಶ್ರೀನಿವಾಸ ಹೊಸ್ತಿಲಲ್ಲೇ ನಿಂತ. ಪಡಸಾಲೆಯ ಮೂಲೆಯಲ್ಲಿ ಅವನೆದೆಯ ಎತ್ತರಕ್ಕೆ ನಿಂತಿದ್ದ ಪೆಟ್ಟಿಗೆಯನ್ನು ನೋಡಿದ. ಕೈಯಲ್ಲಿದ್ದ ಬುತ್ತಿ ಡಬ್ಬಿಯನ್ನು ಕೆಳಗಿಡಲಿಲ್ಲ.

"ಬಿಚ್ಚೀರೇನು?"

"ಇಲ್ರಿ. ಅಂಗಡಿಯ ಮೂಕಣ್ಣ ನಾಳೆ ಬಂದು ಫಿಟ್ಟಿಂಗ್ ಮಾಡ್ತಾನಂತ."

"ಬ್ಯಾಡ ಅಂತ ಫೋನ್ ಮಾಡು. ಟೇಪು ಸೈತ ಕೀಳಬ್ಯಾಡ."

ಲಲಿತಾ ಅವನ ಮುಖ ನೋಡಿದಳು. ಧೂಳಿನ ಕೆಳಗೆ ಆ ಮುಖ ಏನು ಹೇಳುತ್ತಿದೆ ಎಂದು ತಿಳಿಯಲಿಲ್ಲ. ಅವನು ಹಿತ್ತಲಿಗೆ ಹೋಗಿ ಕೈಕಾಲು ತೊಳೆದ. ಬಂದು ಗೋಡೆಗೆ ಒರಗಿ ಕೂತ. ಆಮೇಲೆ ಹೇಳಿದ. ಮೈನ್ಸ್‌ನ ಪರ್ಮಿಷನ್ ಅವಧಿ ಮುಗಿಯುತ್ತ ಬಂದಿದೆ, ಹೊಸದು ಇನ್ನೂ ಬಂದಿಲ್ಲ. ಸೋಮವಾರದಿಂದ ಅರ್ಧ ಮಷಿನ್‌ಗಳನ್ನು ನಿಲ್ಲಿಸುತ್ತಾರಂತೆ. ಯಾವುವು, ಯಾರವು ಎಂದು ಯಾರೂ ಹೇಳುತ್ತಿಲ್ಲ.

"ನಿಮ್ದು ನಿಲ್ಸಂಗಿಲ್ಲ ಬಿಡ್ರಿ. ಎಷ್ಟು ವರ್ಷದಿಂದ ಅದೀರಿ" ಎಂದಳು ಲಲಿತಾ.

"ಆವಾಗೂ ಅದೀನಿ ಅಂತಾನ ತಿಳ್ಕೊಂಡಿದ್ದೆ."

ಆವಾಗ ಎಂದರೆ ಯಾವಾಗ ಎಂದು ಅವಳು ಕೇಳಬೇಕಾಗಿರಲಿಲ್ಲ. ಮಗಳು ಸೌಜನ್ಯ ಇನ್ನೂ ಹೊಟ್ಟೆಯಲ್ಲಿದ್ದ ವರ್ಷ ಅದು. ಸುತ್ತಲಿನ ಮೈನ್ಸ್‌ಗಳೆಲ್ಲ ಒಟ್ಟಿಗೆ ಮುಚ್ಚಿದ್ದವು. ಶ್ರೀನಿವಾಸ ಕಂತಿನ ಮೇಲೆ ತಂದಿದ್ದ ಹೊಸ ಬೈಕನ್ನು ಫೈನಾನ್ಸಿನವರು ಓಣಿಯ ನಡುವೆ, ಎಲ್ಲರೆದುರು ತಳ್ಳಿಕೊಂಡು ಹೋಗಿದ್ದರು. ಅವಳ ಕಿವಿಯ ಬುಗುಡಿ, ಕೈಯ ಬಿಲ್ವಾರ ಮಾರಿದ್ದರು. ಗಾದಿಗನೂರಿನ ಸಂಬಂಧಿಕರು ಕಳಿಸಿದ ಜೋಳದಲ್ಲಿ ಬಾಣಂತನ ಮುಗಿದಿತ್ತು.

ಅವಳು ಮೂಕಣ್ಣನಿಗೆ ಫೋನ್ ಮಾಡಿ ನಾಳೆ ಬರಬೇಡ ಎಂದಳು.

ಸೋಮವಾರ ಶ್ರೀನಿವಾಸ ಎಂದಿನಂತೆ ಕೆಲಸಕ್ಕೆ ಹೋದ, ಎಂದಿನಂತೆ ಬಂದ. ಒಂದಷ್ಟು ಗುತ್ತಿಗೆ ಹುಡುಗರನ್ನು ಮನೆಗೆ ಕಳಿಸಿದ್ದರು. ಅವನ ಮಷಿನ್ ನಡೆಯುತ್ತಿತ್ತು. "ಇವತ್ತು ನಡದೈತಿ" ಎಂದಷ್ಟೇ ಹೇಳಿದ. ಅವತ್ತಿನಿಂದ ಮನೆಯಲ್ಲಿ ಎಲ್ಲವೂ ಇವತ್ತಿನ ಲೆಕ್ಕಕ್ಕೆ ಬಂತು.

ಮೊದಲು ಮೊಸರಿನ ಪ್ಯಾಕೆಟ್ ನಿಂತಿತು. ಭಾನುವಾರದ ಕೋಳಿ ಮೊಟ್ಟೆಗೆ ಇಳಿಯಿತು. ಆಮೇಲೆ ಮೊಟ್ಟೆಯೂ ಸೌಜನ್ಯಳ ತಟ್ಟೆಗೆ ಮಾತ್ರ ಬೀಳತೊಡಗಿತು. ಸ್ನಾನದ ನೀರನ್ನು ಗ್ಯಾಸಿನ ಮೇಲೆ ಕಾಯಿಸಬೇಡ ಎಂದ ಶ್ರೀನಿವಾಸ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸೌದೆ ಒಲೆ ಮಾಡಿಕೊಟ್ಟ. ಟಿವಿ ರೀಚಾರ್ಜ್ ಮುಗಿದಾಗ ಮತ್ತೆ ಮಾಡಿಸಲಿಲ್ಲ. ಸೌಜನ್ಯ ಒಂಬತ್ತನೇ ಕ್ಲಾಸು, ಗಣಿತದ ಟ್ಯೂಷನ್‌ಗೆ ಹೋಗುತ್ತಿದ್ದಳು. ದಸರಾ ಆದ ಮೇಲೆ ಬರುತ್ತಾಳೆ ಎಂದು ಮಿಸ್‌ಗೆ ಹೇಳಿ ಬಿಡಿಸಿದರು. ಹುಡುಗಿ ಆ ಸಂಜೆ ಪುಸ್ತಕಗಳನ್ನು ತಂದು ವಾಷಿಂಗ್ ಮೆಷಿನ್ನಿನ ಪೆಟ್ಟಿಗೆಯ ಮೇಲೆ ಇಟ್ಟಳು.

"ತೆಗಿ, ತೆಗಿ. ಡಬ್ಬಿ ನೆಗ್ಗಿತಂದ್ರ ಯಾರೂ ವಾಪಸ್ ತಗಳಂಗಿಲ್ಲ" ಎಂದು ಶ್ರೀನಿವಾಸ ಅಷ್ಟು ಜೋರಾಗಿ ಹೇಳಿದನೆಂದರೆ ಹುಡುಗಿ ಬೆಚ್ಚಿದಳು.

ವಾಪಸ್ ಎಂಬ ಮಾತು ಲಲಿತಾಳ ಕಿವಿಗೆ ಬಿದ್ದದ್ದು ಆಗಲೇ ಮೊದಲು. ಅವನು ಹಳೆಯ ದುಪ್ಪಟಿಯೊಂದನ್ನು ತಂದು ಪೆಟ್ಟಿಗೆಗೆ ಹೊದಿಸಿದ. ಆಮೇಲೆ ಅದು ಮನೆಗೆ ಬಂದ ನೆಂಟನಂತೆ ಪಡಸಾಲೆಯಲ್ಲಿ ಮುಸುಕು ಹಾಕಿಕೊಂಡು ನಿಂತಿತು. ಅದನ್ನು ಸುತ್ತುಹಾಕಿಕೊಂಡೇ ಎಲ್ಲರೂ ಓಡಾಡಿದರು.

ಪಕ್ಕದ ಮನೆಯ ಅನ್ನಪೂರ್ಣ ಒಂದು ದಿನ ಒಳಗೆ ಬಂದಳು. ಅವಳ ಗಂಡನದು ಅದಿರು ಲಾರಿ ಓಡಿಸುವ ಕೆಲಸ.

"ಇನ್ನೂ ಹಚ್ಚಿಲ್ಲೇನ ಲಲ್ತಕ್ಕ?"

"ಕರೆಂಟ್ ಪಾಯಿಂಟ್ ಹಾಕ್ಸಬೇಕು. ಎಲೆಕ್ಟ್ರಿಷಿಯನ್ ಸಿಗವಲ್ಲ."

"ಹೌದೌದು. ಯಾರೂ ಸಿಗವಲ್ರು ಈಗ."

ಅನ್ನಪೂರ್ಣ ಕುಚ್ಚು ಕಟ್ಟಲು ಕೊಟ್ಟಿದ್ದ ಎರಡು ಸೀರೆ ವಾಪಸ್ ಕೇಳಿದಳು. ಮದುವೆಗೆ ಉಡುವುದಿತ್ತು, ಮದುವೆ ಮುಂದಕ್ಕೆ ಹೋಗಿದೆ, ಆಮೇಲೆ ಕೊಡುತ್ತೇನೆ ಎಂದಳು. ಯಾರ ಮದುವೆ ಎಂದು ಲಲಿತಾ ಕೇಳಲಿಲ್ಲ. ಎಲೆಕ್ಟ್ರಿಷಿಯನ್ ಯಾರು ಎಂದು ಅನ್ನಪೂರ್ಣಳೂ ಕೇಳಿರಲಿಲ್ಲವಲ್ಲ. ಆ ವಾರ ಇನ್ನೂ ಇಬ್ಬರು ಬಂದು ಸೀರೆ ಒಯ್ದರು. ಲಲಿತಾಳ ಸೂಜಿ ದಾರದ ಡಬ್ಬಿ ಮುಚ್ಚಿದ್ದು ಮುಚ್ಚಿಯೇ ಇತ್ತು.

ಮನೆಯಲ್ಲಿ ಮಾತು ಕಡಿಮೆಯಾದಷ್ಟೂ ಅತ್ತೆ ಹೊಳೆಮ್ಮ ಹೆಚ್ಚು ಕೇಳಿಸಿಕೊಳ್ಳುತ್ತಿದ್ದಳು. ಎಪ್ಪತ್ತು ದಾಟಿದ ಗಟ್ಟಿ ಮುದುಕಿ ಅವಳು. ಗಂಡ ಸತ್ತ ಮೇಲೆ ಗಾದಿಗನೂರಿನ ಹೊಲಗಳಲ್ಲಿ ಕೂಲಿ ಮಾಡಿ ಮಗನನ್ನು ಬೆಳೆಸಿದ್ದಳು. ಈಗೀಗ ಅವಳು ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ಯಾಕೆಂದು ಕೇಳಿದರೆ, "ವಯಸ್ಸಾತಲ್ಲ, ಹಸಿವು ಎಲ್ಲಿ ಬರತೈತಿ" ಎನ್ನುತ್ತಿದ್ದಳು. ಚಹಾ ಲೋಟ ಮುಂದಿಟ್ಟರೆ ಸೌಜನ್ಯಳ ಕಡೆಗೆ ಸರಿಸುತ್ತಿದ್ದಳು. ಲಲಿತಾಳಿಗೆ ಅದು ಕಾಣದೆ ಇರಲಿಲ್ಲ. ಆದರೆ ಕಂಡದ್ದನ್ನು ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಇನ್ನೇನು ಒಡೆಯುತ್ತದೋ ಎಂಬ ಹೆದರಿಕೆ ಅವಳಿಗೆ.

ಒಂದು ಭಾನುವಾರ ಶ್ರೀನಿವಾಸ ಸಂಜೆ ಅಂಗಿ ಬದಲಿಸಿಕೊಂಡು, "ನಡಿ, ಅಂಗಡಿಗೆ ಹೋಗಿ ಬರಾಣ" ಎಂದ. ಬಿಲ್ಲು ಅವಳ ಹೆಸರಿನಲ್ಲಿತ್ತು.

ಉಜ್ಜಿನಪ್ಪ ಸಾಹುಕಾರರ ಅಂಗಡಿ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ. ಟಿವಿ, ಮಿಕ್ಸರ್, ಫ್ರಿಜ್ಜುಗಳಿಂದ ತುಂಬಿದ ಉದ್ದನೆಯ ಅಂಗಡಿಯಲ್ಲಿ ಯಾವಾಗಲೂ ಟಿವಿಗಳೆಲ್ಲ ಒಟ್ಟಿಗೆ ಮಾತಾಡುತ್ತಿದ್ದವು. ಆ ದಿನ ಎಲ್ಲವೂ ಆರಿದ್ದವು. ಮುಂದಿನ ಸಾಲಿನ ಲೈಟು ಮಾತ್ರ ಹಚ್ಚಿದ್ದರು. ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಉಜ್ಜಿನಪ್ಪನವರು ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬರೇ ಕೂತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ತಲೆಯ ಮೇಲೆ ಫ್ಯಾನು ನಿಂತಿತ್ತು.

"ಬರ್ರಿ, ಕುಂದ್ರಿ. ಮೆಷಿನ್ ಚಲೋ ನಡದೈತೇನಮ್ಮ?"

ಲಲಿತಾ ತಲೆ ತಗ್ಗಿಸಿದಳು. ಶ್ರೀನಿವಾಸನೇ ಬಾಯಿಬಿಟ್ಟ. "ಸಾವ್ಕಾರ್ರೇ, ಅದನ್ನ ಬಿಚ್ಚೇ ಇಲ್ರಿ. ತಂದಂಗ ಐತಿ. ವಾಪಸ್ ತಗಂಡ್ರ ಭಾಳ ಉಪಕಾರ ಆಕ್ಕೈತಿ."

ಉಜ್ಜಿನಪ್ಪನವರು ಬೀಸಣಿಗೆ ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಶ್ರೀನಿವಾಸನಿಗೆ ಸುಲಭವಾಗುತ್ತಿತ್ತೇನೋ.

"ಈ ವಾರದಾಗ ನೀವು ಎಷ್ಟನೇದವರು ಅಂತ ಕೇಳಬ್ಯಾಡ. ಬೆಳಿಗ್ಗೆ ಒಬ್ಬಾತ ಮಗಳ ಮದುವಿಗೆ ಬುಕ್ ಮಾಡಿದ್ದ ಫ್ರಿಜ್ಜು ಬ್ಯಾಡ ಅಂದ. ಅಲ್ಲಪ್ಪ, ನಿಮ್ಮ ಮೈನ್ಸ್ ಇನ್ನೂ ನಿಂತಿಲ್ಲ, ಪಗಾರ ನಿಂತಿಲ್ಲ. ನೀವೆಲ್ಲ ಈಗಲೇ ಕೈ ಕಟ್ಕೊಂಡು ಕುಂತ್ರ ನಾ ಯಾರಿಗೆ ಮಾರ್ಲಿ? ಆ ಮೂಕಣ್ಣಗ ವಾರಕ್ಕ ಮೂರು ದಿನ ಬಂದ್ರ ಸಾಕು ಅಂತ ಹೇಳೀನಿ. ಅವ ಇನ್ಯಾರಿಗೆ ಏನು ಬ್ಯಾಡ ಅಂತ ಹೇಳ್ತಾನೋ."

"ನಿಂತ ಮ್ಯಾಲೆ ಬಂದ್ರ ನೀವು ತಗಳಂಗಿಲ್ಲಲ್ರಿ."

"ತಗಳಂಗಿಲ್ಲ" ಎಂದು ಅವರು ಒಪ್ಪಿಕೊಂಡರು. ಲಲಿತಾಳ ಕಡೆ ನೋಡಿದರು. "ಡಬ್ಬಿ ಬಿಚ್ಚಿಲ್ಲಂದ್ರ ಒಯ್ತೀನಿ. ಆದ್ರ ಪೂರಾ ಕೊಡಾಕ ಆಗಂಗಿಲ್ಲ, ಒಂದಿಷ್ಟು ಮುರುಕೊಂಡು ಕೊಡ್ತೀನಿ. ಬುಧವಾರ ಗಾಡಿ ಕಳಿಸ್ತೀನಿ. ಟೇಪು ಕಿತ್ತಿರಬಾರ್ದು ನೋಡು."

ವಾಪಸ್ ಬರುವಾಗ ಇಬ್ಬರೂ ನಡೆದೇ ಬಂದರು. ಆಟೊದ ದುಡ್ಡು ಉಳಿಯಿತು. ಕಾಲುವೆಯ ಸೇತುವೆ ದಾಟುವಾಗ ಶ್ರೀನಿವಾಸ, "ನಿನ್ನ ಪಾಲಿನ ರೊಕ್ಕ ನಿಂಗ ಪೂರಾ ಕೊಡ್ತೀನಿ, ಮುರದದ್ದು ನನ್ನ ಪಾಲಿಗಿರ್ಲಿ" ಎಂದ.

"ರೊಕ್ಕ ಕೊಡ್ತೀರಿ. ಕೈ ಎಲ್ಲಿಂದ ಕೊಡ್ತೀರಿ?" ಎಂದಳು ಲಲಿತಾ.

ಅವನು ಎರಡು ಹೆಜ್ಜೆ ಮುಂದಾದ. ಅವಳಿಗೆ ಆ ಮಾತು ಆಡಬಾರದಿತ್ತು ಎನಿಸಿತು. ಆದರೆ ಆಡಿದ ಮಾತನ್ನು ಅಂಗಡಿಗೆ ವಾಪಸ್ ಕೊಡಲು ಬರುವುದಿಲ್ಲ.

ಊಟಕ್ಕೆ ಕೂತಾಗ ಬುಧವಾರ ಗಾಡಿ ಬರುತ್ತದೆ ಎಂದು ಶ್ರೀನಿವಾಸ ತಾಯಿಗೆ ಹೇಳಿದ. ಹೊಳೆಮ್ಮ ಮಗನ ಮುಖವನ್ನೂ ಸೊಸೆಯ ಕೈಯನ್ನೂ ಒಂದು ಸಲ ನೋಡಿದಳು.

"ಒಯ್ಲಿ ಬಿಡು. ನಾ ಒಗಿತೀನಿ. ನಂಗೇನಾಗೇತಿ?"

"ಸುಮ್ನ ಕುಂದ್ರವ್ವ ನೀ. ಈ ವಯಸ್ಸಿನ್ಯಾಗ ಕಾಲುವಿಗೆ ಹೋಗ್ತಿ" ಎಂದ ಶ್ರೀನಿವಾಸ. ಮಾತು ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ತಿಳಿದರು.

ಬುಧವಾರ ಬೆಳಿಗ್ಗೆ ಲಲಿತಾ ರೇಷನ್ ಅಂಗಡಿಗೆ ಹೋಗಿದ್ದಳು. ಪಾಳಿ ಉದ್ದವಿತ್ತು. ಅಕ್ಕಿಯ ಚೀಲ ಎಡಗಂಕುಳಲ್ಲಿ ಹಿಡಿದು ಬಂದಾಗ ಬಾಗಿಲಿಗೆ ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು. ಸೌಜನ್ಯ ಸ್ಕೂಲಿಗೆ ಹೋಗಿದ್ದಳು. "ಅತ್ತಿ" ಎಂದು ಕರೆದಳು. ಹಿತ್ತಲಲ್ಲೂ ಇಲ್ಲ. ಪಡಸಾಲೆಯಲ್ಲಿ ಮುಸುಕು ಹಾಕಿದ ಪೆಟ್ಟಿಗೆ ಹಾಗೇ ನಿಂತಿತ್ತು. ಬಚ್ಚಲ ಮೂಲೆಯಲ್ಲಿ ನೋಡಿದರೆ ಶ್ರೀನಿವಾಸನ ಕೆಲಸದ ಬಟ್ಟೆಗಳ ರಾಶಿ ಇರಲಿಲ್ಲ. ಬಕೆಟ್ಟಿಲ್ಲ, ಸೋಪಿಲ್ಲ. ಹಾಸಿಗೆಯ ಮೇಲಿದ್ದ ದೊಡ್ಡ ಜಮಖಾನವೂ ಇಲ್ಲ.

ಅಕ್ಕಿಯ ಚೀಲ ಅಲ್ಲೇ ಬಿಟ್ಟು ಅವಳು ಓಡಿದಳು.

ಓಣಿಯ ತುದಿ ದಾಟುವ ಹೊತ್ತಿಗೇ ಅನ್ನಪೂರ್ಣಳ ಕೂಗು ಕೇಳಿಸಿತು. ಮಾತು ತಿಳಿಯಲಿಲ್ಲ, ಕೂಗು ಮಾತ್ರ. ಡ್ಯಾಮು ತುಂಬಿ ಕಾಲುವೆಗೆ ಪೂರಾ ನೀರು ಬಿಟ್ಟಿದ್ದ ದಿನಗಳು. ನೀರು ಮೆಟ್ಟಿಲುಗಳನ್ನು ಬಹುಪಾಲು ನುಂಗಿಕೊಂಡು, ಸದ್ದಿಲ್ಲದೆ ವೇಗವಾಗಿ ಹೋಗುತ್ತಿತ್ತು. ಮೇಲಿನ ಮೆಟ್ಟಿಲ ಮೇಲೆ ಬಕೆಟ್ಟು ಇತ್ತು. ಕೆಳಗೆ, ಹಾವಸೆ ಹಿಡಿದ ಅಂಚಿನ ಆಚೆ, ಎದೆಮಟ್ಟ ನೀರಿನಲ್ಲಿ ಹೊಳೆಮ್ಮ.

ಜಾರಿದವಳ ಜೊತೆಗೆ ಜಮಖಾನವೂ ನೀರಿಗೆ ಬಿದ್ದಿತ್ತು. ಅದರ ಒಂದು ಮೂಲೆ ಮೆಟ್ಟಿಲ ಬದಿಯಲ್ಲಿ ಎದ್ದಿದ್ದ ಕಬ್ಬಿಣದ ಸರಳಿಗೆ ಸಿಕ್ಕಿತ್ತು. ಇನ್ನೊಂದು ಮೂಲೆಯನ್ನು ಹೊಳೆಮ್ಮ ಎರಡೂ ಕೈಯಲ್ಲಿ ಹಿಡಿದಿದ್ದಳು. ನೀರು ಅವಳನ್ನು ಹಗ್ಗಕ್ಕೆ ಕಟ್ಟಿದ ದೋಣಿಯ ಹಾಗೆ ಎಳೆಯುತ್ತಿತ್ತು. ಬಾಯಿ ಮುಚ್ಚಿ, ಕಣ್ಣು ತೆರೆದು, ಅವಳು ಮೆಟ್ಟಿಲ ಕಡೆಗೇ ನೋಡುತ್ತಿದ್ದಳು. ಕೂಗುತ್ತಿದ್ದವಳು ದಂಡೆಯ ಮೇಲಿನ ಅನ್ನಪೂರ್ಣ ಮಾತ್ರ.

ಲಲಿತಾ ಮೆಟ್ಟಿಲಿಳಿದು ಮಂಡಿಯೂರಿದಳು. ಅನ್ನಪೂರ್ಣ ಹಿಂದಿನಿಂದ ಅವಳ ಸೊಂಟ ತಬ್ಬಿ ಹಿಡಿದಳು. ಲಲಿತಾ ಬಾಗಿ ಬಲಗೈ ಚಾಚಿದಳು. ಅತ್ತೆಯ ರಟ್ಟೆ ಸಿಕ್ಕಿತು. ಹಿಡಿದು ಎಳೆದಳು. ಎಳೆದ ಕೂಡಲೇ ಮಣಿಕಟ್ಟಿನಲ್ಲಿ ಏನೋ ಸರಕ್ಕೆಂದು, ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ತನ್ನ ಬೆರಳು ಬಿಚ್ಚುವುದನ್ನು ಅವಳು ಕಣ್ಣಾರೆ ಕಂಡಳು. ಹೊಳೆಮ್ಮನ ತಲೆ ಒಂದು ಸಲ ನೀರಿನೊಳಗೆ ಹೋಗಿ ಬಂತು. ಲಲಿತಾ ಎಡಗೈ ಹಾಕಿ ಅತ್ತೆಯ ಸೆರಗು ಹಿಡಿದಳು, ಅದನ್ನು ಮುಂಗೈಗೆ ಸುತ್ತಿಕೊಂಡಳು. ಇನ್ನು ಬಿಟ್ಟರೆ ತಾನೂ ಹೋಗಬೇಕು ಎಂಬ ಹಾಗೆ.

ಅಷ್ಟರಲ್ಲಿ ಮೇಲ್ಗಡೆ ಆಟೊ ತೊಳೆಯುತ್ತಿದ್ದ ಗಂಡಸು ಓಡಿ ಬಂದು ನೀರಿಗೆ ಇಳಿದ. ಹಿಂದೆಯೇ ಇನ್ನೊಬ್ಬ ಬಂದ. ಇಬ್ಬರೂ ಮುದುಕಿಯ ಕಂಕುಳಿಗೆ ಕೈಹಾಕಿ ಮೇಲೆ ಎಳೆದು ಮಲಗಿಸಿದರು. ಹೊಳೆಮ್ಮ ಕೆಮ್ಮಿ ನೀರು ಕಾರಿದಳು. ಒಂದು ಭುಜ ಜಾಗ ಬಿಟ್ಟು ಇಳಿದುಹೋಗಿತ್ತು. ಉಸಿರು ತಿರುಗಿದ ಮೇಲೆ ಅವಳು ಆಡಿದ ಮೊದಲ ಮಾತು ಲಲಿತಾಳಿಗೆ ಮಾತ್ರ ಕೇಳಿಸಿತು.

"ಸೀನನ ಅಂಗಿ ಹರ್ಕೊಂಡು ಹೋತವ್ವ. ಎರಡೂ ಹೋದ್ವು."

ಸರ್ಕಾರಿ ಆಸ್ಪತ್ರೆಯಲ್ಲಿ ಭುಜ ಕೂಡಿಸಿ, ಕೈಯನ್ನು ಕುತ್ತಿಗೆಗೆ ಕಟ್ಟಿ, ಶ್ವಾಸಕೋಶಕ್ಕೆ ನೀರು ಹೋಗಿದೆಯೋ ನೋಡಬೇಕು, ಎರಡು ದಿನ ಇರಲಿ ಎಂದರು. ಶ್ರೀನಿವಾಸ ಸಂಡೂರಿನಿಂದ ಯಾವುದೋ ಲಾರಿ ಹತ್ತಿ ಬಂದ. ಹೆಲ್ಮೆಟ್ ಕೈಯಲ್ಲೇ ಇತ್ತು. ಅವನ ಬೂಟಿನಿಂದ ವಾರ್ಡಿನ ನೆಲವೆಲ್ಲ ಕೆಂಪಾಗುವುದನ್ನು ನೋಡಿ ನರ್ಸ್ ಗೊಣಗಿದಳು. ಅವನು ತಾಯಿಯ ಕಾಲ ಬಳಿ ಕೂತ.

"ಯಾಕ ಹೋದ್ಯವ್ವಾ? ನಾ ಬ್ಯಾಡಂದಿದ್ನಲ್ಲ."

ಹೊಳೆಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ನಿನ್ನ ಕೆಲಸ ಹೊಂಟೈತಿ. ಆಕಿ ಕೈ ಹೋಗೈತಿ. ಕೂಸಿನ ಟ್ಯೂಷನ್ನೂ ಬಿಡ್ಸಿದ್ರಿ. ನಾನೊಬ್ಬಾಕಿ ಸುಮ್ನ ಕುಂತು ಉಣ್ಣಾಕ ಮನಸು ಬರ್ಲಿಲ್ಲ ನೋಡು."

ಶ್ರೀನಿವಾಸ ಎದ್ದು ಹೊರಗೆ ಹೋದ. ಅವನು ಹೋದ ರೀತಿ ಕಂಡು ಲಲಿತಾಳೂ ಹಿಂದೆಯೇ ಹೋದಳು. ಕಾರಿಡಾರಿನ ಕಿಟಕಿಯ ಬಳಿ ಅವನು ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

"ನನ್ನ ಕೆಲಸ ಹೋಗಿಲ್ಲ ಲಲ್ತಾ."

"ಗೊತ್ತೈತಿ. ಇವತ್ತು ನಡದೈತಿ."

"ಹಂಗಲ್ಲ. ಮ್ಯಾನೇಜರ್ ಕರದು ಹೇಳಿದ್ದ. ಪರ್ಮಿಷನ್ ಬರ್ಲಿ ಬಿಡ್ಲಿ, ಸೀನಪ್ಪ, ನಿನ್ನ ಮಷಿನ್ ನಿಲ್ಸಂಗಿಲ್ಲ, ನಿನ್ನ ಹೆಸ್ರು ತೆಗ್ಯಂಗಿಲ್ಲ ಅಂತ."

ಲಲಿತಾಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಊದಿಕೊಂಡಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. "ಯಾವಾಗ ಹೇಳಿದ್ದ?"

"ಅಂಗಡಿಗೆ ಹೋಗೋಕಿಂತ ಮೊದ್ಲು."

ಕಾರಿಡಾರಿನಲ್ಲಿ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಬಂದರು. ಇಬ್ಬರೂ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಅದು ದಾಟಿಹೋಗುವ ತನಕ ಅವಳು ಕಾದಳು.

"ಗೊತ್ತಿದ್ದೂ ನನ್ನ ಕರ್ಕೊಂಡು ಹೋಗಿ ಆ ಸಾವ್ಕಾರ್ರ ಮುಂದ ನಿಂದ್ರಿಸಿದ್ರೇನು?"

"ನಂಗೆಲ್ಲಿ ಗೊತ್ತೈತಿ? ಬಾಯಿ ಮಾತು ಅದು. ಆವಾಗೂ ಹಿಂಗ ಹೆಗಲ ಮ್ಯಾಲೆ ಕೈ ಹಾಕಿ ಹೇಳಿದ್ರು. ಹೇಳಿ ತಿಂಗ್ಳು ತುಂಬಿರ್ಲಿಲ್ಲ, ಗೇಟು ಹಾಕಿದ್ರು. ಆ ಮಾತು ನಂಬಿ ನಾ ಬೈಕು ತಂದಿದ್ದೆ. ಮತ್ತೊಮ್ಮೆ ಹಂಗ ಓಣ್ಯಾಗ ನಿಂದ್ರಾಕ ನನ್ನ ಕೈಲಿ ಆಗಂಗಿಲ್ಲ. ಹೇಳಿದ್ರ ನೀವು ನಂಬಿಬಿಡ್ತೀರಿ, ಮೆಷಿನ್ ಬಿಚ್ತೀರಿ, ಆಮ್ಯಾಲೆ ಏನಾರ ಆದ್ರ..."

ಅವನ ಕಣ್ಣ ಕೆಳಗಿನ ಧೂಳಿನಲ್ಲಿ ಎರಡು ಗೆರೆ ಇಳಿದಿದ್ದವು. ಲಲಿತಾಳಿಗೆ ಸಿಟ್ಟು ಬಂದಿತ್ತು, ಹಿಂದೆಂದೂ ಬರದಂಥ ಸಿಟ್ಟು. ಅದು ಸಣ್ಣ ದನಿಯಾಗಿ ಹೊರಟಿತು.

"ನಂಬಬ್ಯಾಡ್ರಿ. ಆ ಮ್ಯಾನೇಜರ್‌ನ ಯಾರು ನಂಬಂದ್ರು? ಆದ್ರ ನಮ್ಮುಂದ ಹೇಳಬೇಕಿತ್ತು. ಹಿಂಗ ಅಂದಾನ, ನಂಗ ನಂಬಿಕಿ ಇಲ್ಲ ಅಂತ ಅಷ್ಟ ಹೇಳಿದ್ರ ಸಾಕಿತ್ತು. ಹೆದ್ರೋದಿದ್ರ ಕೂಡಿ ಹೆದ್ರುತಿದ್ವಿ. ಈಗ ನೋಡ್ರಿ, ನೀವೊಬ್ರ ಒಂದು ಮೂಲ್ಯಾಗ ಹೆದ್ರಿದ್ರಿ, ಮುದುಕಿ ಒಂದು ಮೂಲ್ಯಾಗ ಹೆದ್ರಿ ಕಾಲುವಿಗೆ ಹೋತು."

ಅಷ್ಟು ಹೊತ್ತಿಗೆ ಅವಳ ಫೋನ್ ರಿಂಗಾಯಿತು. ಅಂಗಡಿಯ ಮೂಕಣ್ಣ.

"ಅಕ್ಕಾರ, ಗಾಡಿ ತಂದೀನಿ. ಬಾಗಿಲಾಗ ಯಾರೂ ಇಲ್ಲಲ್ರಿ."

ಶ್ರೀನಿವಾಸನಿಗೂ ಆ ದನಿ ಕೇಳಿಸಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ಅಲ್ಲೇ ಇರು ಮೂಕಣ್ಣ, ಬರ್ತೀನಿ" ಎಂದು ಲಲಿತಾ ಫೋನಿಟ್ಟಳು. ಆಸ್ಪತ್ರೆಯ ಮೆಟ್ಟಿಲಿಳಿದಳು.

ಮನೆಯ ಮುಂದೆ ಟೆಂಪೊ ನಿಂತಿತ್ತು. ಮೂಕಣ್ಣ ಕಟ್ಟೆಯ ಮೇಲೆ ಕೂತಿದ್ದ. ಆಸ್ಪತ್ರೆಯ ಸುದ್ದಿ ಅವನಿಗೆ ಓಣಿಯವರಿಂದ ತಿಳಿದಿತ್ತು. ಒಳಗೆ ಬಂದು ದುಪ್ಪಟಿ ತೆಗೆದು, ಪೆಟ್ಟಿಗೆಯ ಸುತ್ತ ಒಮ್ಮೆ ಕೈಯಾಡಿಸಿ ನೋಡಿದ. ಟೇಪು ಎಲ್ಲೂ ಎದ್ದಿರಲಿಲ್ಲ.

"ಸರಿ ಐತ್ರಿ. ಒಯ್ಯಲೇನು?"

ಲಲಿತಾ ಪೆಟ್ಟಿಗೆಯ ಮುಂದೆ ನಿಂತಳು. ಆಸ್ಪತ್ರೆಯಿಂದ ಹೊರಟಾಗ ಬಂದವಳೇ ಇದನ್ನು ಹರಿದು ಬಿಸಾಕುತ್ತೇನೆ ಎಂದು ನಿಶ್ಚಯ ಮಾಡಿಕೊಂಡಿದ್ದಳು. ಈಗ ಕೈ ಏಳಲಿಲ್ಲ. ಮ್ಯಾನೇಜರನ ಮಾತು ಸುಳ್ಳಾದರೆ? ನಾಳೆಯೇ ಗೇಟು ಹಾಕಿದರೆ? ಅತ್ತೆಯ ಔಷಧಿಗೆ, ಮಗಳ ಫೀಜಿಗೆ ಈ ದುಡ್ಡೇ ಬೇಕಾದರೆ? ಗಾದಿಗನೂರಿನ ಜೋಳದ ರೊಟ್ಟಿ ನುಂಗುವಾಗ ಅಳು ಬರುತ್ತಿದ್ದ ಆ ದಿನಗಳು ಅವಳದೂ ಆಗಿದ್ದವು. ಗಂಡನ ಎದೆಯಲ್ಲಿದ್ದ ಹೆದರಿಕೆ ಎಷ್ಟು ಭಾರ ಎಂಬುದು ಆ ಪೆಟ್ಟಿಗೆಯ ಎದುರು ನಿಂತಾಗ ಅವಳಿಗೆ ತಿಳಿಯಿತು. ತಿಳಿದರೂ ಸಿಟ್ಟು ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು.

"ಟೇಪು ಒಮ್ಮೆ ಕಿತ್ರ ಸಾವ್ಕಾರ್ರು ತಗಳಂಗಿಲ್ಲಕ್ಕ. ವಿಚಾರ ಮಾಡ್ರಿ" ಎಂದ ಮೂಕಣ್ಣ, ಅವಳ ಮನಸ್ಸು ಓದಿದವನಂತೆ.

ಅವಳು ಶ್ರೀನಿವಾಸನಿಗೆ ಫೋನ್ ಮಾಡಿದಳು.

"ಗಾಡಿ ನಿಂತೈತಿ. ಮೂಕಣ್ಣ ಕೇಳಾಕತ್ಯಾನ. ಏನು ಹೇಳ್ಲಿ?"

ಆ ಕಡೆ ವಾರ್ಡಿನ ಗದ್ದಲ ಕೇಳಿಸುತ್ತಿತ್ತು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ನಂಗ ಭಯ ಐತಿ ಲಲ್ತಾ" ಎಂದ ಕಡೆಗೆ.

"ನಂಗೂ ಐತ್ರಿ."

ಮತ್ತೆ ಗದ್ದಲ. ಯಾರೋ ಯಾರನ್ನೋ ಕರೆಯುತ್ತಿದ್ದರು.

"ಬಿಚ್ಚು" ಎಂದ.

ಅವಳು ಮೂಕಣ್ಣನ ಕಡೆ ತಿರುಗಿದಳು. ಅವನು ಆಗಲೇ ಜೇಬಿನಿಂದ ಬ್ಲೇಡು ತೆಗೆದಿದ್ದ.

ಹೊಳೆಮ್ಮ ಶುಕ್ರವಾರ ಮನೆಗೆ ಬಂದಳು. ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ. ಭುಜ ಮಾತ್ರ ಮುಂದೆಯೂ ಮೋಡ ಕವಿದಾಗಲೆಲ್ಲ ನೋಯುತ್ತಿತ್ತು. ಲಲಿತಾಳ ಮಣಿಕಟ್ಟಿಗೆ ಮತ್ತೆ ಪಟ್ಟಿ ಬಿತ್ತು. ಒಂದಷ್ಟು ದಿನ ಅವಳು ಗಂಡನ ಜೊತೆ ಬೇಕಾದಷ್ಟೇ ಮಾತಾಡಿದಳು. ಅವನೂ ಮೇಲೆಬಿದ್ದು ಸಮಾಧಾನ ಹೇಳಲಿಲ್ಲ. ಸಂಜೆ ಬಂದವನು ತನ್ನ ಬಟ್ಟೆಯನ್ನು ತಾನೇ ಮೆಷಿನ್ನಿಗೆ ಹಾಕಿ, ಅದು ತಿರುಗುವಷ್ಟು ಹೊತ್ತೂ ಹಿತ್ತಲ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಬಚ್ಚಲಿಗೆ ಹೋಗುವ ನೀರು ತಿಳಿಯಾಗುವ ತನಕ ಎರಡೆರಡು ಸಲ ತಿರುಗಿಸುತ್ತಿದ್ದ.

ಪರ್ಮಿಷನ್ ದೀಪಾವಳಿ ಕಳೆದ ಮೇಲೆ ಬಂತು, ಅರೆಬರೆಯಾಗಿ. ಮೊದಲಿನಷ್ಟು ಅದಿರು ತೆಗೆಯುವಂತಿಲ್ಲ. ಮ್ಯಾನೇಜರ್ ಹೇಳಿದಂತೆ ಶ್ರೀನಿವಾಸನ ಹೆಸರು ಉಳಿಯಿತು. ಮ್ಯಾನೇಜರ್ ಹೇಳದೆ ಇದ್ದದ್ದೂ ನಡೆಯಿತು. ಒಂದು ವಾರ ಕೆಲಸ, ಒಂದು ವಾರ ರಜೆ, ರಜೆಗೆ ಪಗಾರವಿಲ್ಲ. ಬಿಡುವಿನ ವಾರ ಅವನು ಕಂಪ್ಲಿಗೆ ಹೋಗಿ ಭತ್ತದ ಕಟಾವು ಮಷಿನ್ ನಡೆಸಿದ. ಅನ್ನಪೂರ್ಣಳ ಗಂಡನ ಲಾರಿ ಮಾತ್ರ ನಿಂತೇಬಿಟ್ಟಿತು. ಅವರು ಮನೆ ಖಾಲಿ ಮಾಡಿಕೊಂಡು ಚೋರನೂರಿಗೆ ಹೋದರು. ಹೋಗುವ ದಿನ ಅವಳು ಹೊಳೆಮ್ಮನ ಕಾಲು ಮುಟ್ಟಿ ಅತ್ತಳು. ಲಲಿತಾ ಅವಳ ಹಳೆಯ ಎರಡು ಸೀರೆಗಳಿಗೆ ಎಡಗೈಯಲ್ಲೇ ಕುಚ್ಚು ಕಟ್ಟಿ ಕೊಟ್ಟಳು, ದುಡ್ಡು ಕೇಳಲಿಲ್ಲ.

ಟ್ಯೂಷನ್ ಮತ್ತೆ ಶುರುವಾಯಿತು. ಟಿವಿ ಶುರುವಾಗಲಿಲ್ಲ. ಯಾವುದು ಇರಲಿ, ಯಾವುದು ಬಿಡಲಿ ಎಂದು ನಾಲ್ಕೂ ಜನ ಊಟಕ್ಕೆ ಕೂತಾಗ ಮಾತಾಡಿಕೊಂಡೇ ಬಿಟ್ಟರು. ಒಮ್ಮೊಮ್ಮೆ ಜಗಳವೂ ಆಗುತ್ತಿತ್ತು. ಮೈನ್ಸ್‌ನಲ್ಲಿ ಕೇಳಿದ್ದನ್ನೆಲ್ಲ, ನಿಜವೋ ಸುಳ್ಳೋ, ಹೊಸ್ತಿಲು ದಾಟುತ್ತಲೇ ಹೇಳಿಬಿಡುವುದು ಶ್ರೀನಿವಾಸನಿಗೆ ರೂಢಿಯಾಯಿತು.

"ಇವತ್ತು ಬಳ್ಳಾರಿಯಿಂದ ದೊಡ್ಡ ಸಾಹೇಬರು ಬಂದಿದ್ರು" ಎಂದ ಒಂದು ಸಂಜೆ, ಬೂಟಿನ ದಾರ ಬಿಚ್ಚುತ್ತ. "ಎಲ್ಲಾ ಮಷಿನ್ ನೋಡಿದ್ರು. ಏನೇನೋ ಬರ್ಕೊಂಡ್ರು."

"ಏನಂದ್ರು?" ಎಂದಳು ಲಲಿತಾ ಒಳಗಿನಿಂದ.

"ಏನೂ ಅನ್ಲಿಲ್ಲ."

ಲಲಿತಾ ಬಾಗಿಲಿಗೆ ಬಂದು ಅವನ ಮುಖ ನೋಡಿದಳು. ಏನೂ ಅನ್ನದ ಸಾಹೇಬರು ಅಂದವರಿಗಿಂತ ಅಪಾಯ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಹೊಳೆಮ್ಮ ಒಂದೇ ಕೈಯಲ್ಲಿ ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದಳು.

"ನಾಳಿಂದು ನಾಳಿಗೆ ಕೇಳಾಣ" ಎಂದಳು ಮುದುಕಿ. "ಸಾರು ಆರತೈತಿ, ಜಲ್ದಿ ಬರ್ರಿ."

ಶ್ರೀನಿವಾಸ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.